ಅಯಸ್ಕಾಂತೋಪಮೆಯೂ ಸರ್ಪೆಂಟೀನ್ ಶಿಲೆಯ ಕಾಂತಗುಣವೂ

ಕಾಳಿದಾಸನ ಕುಮಾರಸಂಭವದ ಎರಡನೆಯ ಸರ್ಗದ ಕೊನೆಯ ಭಾಗದಲ್ಲಿ ಚಿಕ್ಕದೊಂದು ಉಪಮೆಯು ಬಂದಿದೆ. ತಾರಕಾಸುರನ ಪೀಡೆಯನ್ನು ತಾಳಲಾರದೆ ಮೊರೆಹೊಕ್ಕ ದೇವತೆಗಳಿಗೆ ಬ್ರಹ್ಮನು ಉಪಾಯವನ್ನು ಹೇಳುತ್ತಾನೆ. ಸಂಯಮದಿಂದ ನಿಶ್ಚಲವಾಗಿರುವ ಶಿವನ ಮನಸ್ಸನ್ನು ಉಮೆಯ ರೂಪದಿಂದ ಸೆಳೆಯಲು ಯತ್ನಿಸಬೇಕು; ಆ ಸೆಳೆತವು ಅಯಸ್ಕಾಂತವು ಲೋಹವನ್ನು ಸೆಳೆಯುವಂಥದು. ಶ್ಲೋಕದ ಅನ್ವಯವು ಸುಲಭವಾದುದು, ತಾತ್ಪರ್ಯವು ಸ್ಪಷ್ಟವಾದುದು. ಆ ಕಾರಣದಿಂದಲೇ ಪಾಠ ಹೇಳುವವರು ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ನಿಲ್ಲುವವರಲ್ಲಿ ಎರಡು ಪಕ್ಷಗಳುಂಟು. ಪೂರ್ವಿಕರು ಕಾಂತಶಾಸ್ತ್ರವನ್ನು ಪೂರ್ತಿಯಾಗಿ ಬಲ್ಲವರಾಗಿದ್ದರೆಂಬುದಕ್ಕೆ ಈ ಉಪಮೆಯೇ ಪ್ರಮಾಣವೆಂದು ಹಿಗ್ಗುವುದು ಒಂದು ಪಕ್ಷ. ಕಣ್ಣಿಗೆ ಕಂಡ ಒಂದು ವಿಸ್ಮಯವನ್ನು ಕವಿಯು ಅಲಂಕಾರಕ್ಕಾಗಿ ಉಪಯೋಗಿಸಿಕೊಂಡನು, ಅದರಿಂದಾಚೆಗೆ ಏನೂ ಇಲ್ಲವೆಂದು ಮುಗಿಸಿಬಿಡುವುದು ಇನ್ನೊಂದು. ಈ ಎರಡು ಪಕ್ಷಗಳೂ ಉಪಮೆಯನ್ನು ಕಾವ್ಯದಿಂದ ಕಿತ್ತು ಬೇರೆಯಾಗಿಟ್ಟು ನೋಡುತ್ತವೆ. ಬ್ರಹ್ಮನ ಮಾತು ಮುಂದಿನ ನಾಲ್ಕು ಸರ್ಗಗಳಲ್ಲಿ ಹೇಗೆ ಫಲಿಸಿತು, ಎಲ್ಲಿ ಫಲಿಸಲಿಲ್ಲ ಎಂಬುದನ್ನು ವಿಚಾರಿಸಿದರೆ ಈ ಉಪಮೆಯು ಇಡೀ ಕಥೆಗೆ ಬೀಜವಾಗಿದೆಯೆಂಬುದು ತೋರಿಬರುತ್ತದೆ. ಅದಕ್ಕೆ ಮೊದಲು ಉಪಮಾನವಾದ ಅಯಸ್ಕಾಂತವೆಂದರೆ ಏನು, ಅದರ ಶಕ್ತಿಯು ಸಹಜವೋ ಆಗಂತುಕವೋ ಎಂಬುದನ್ನು ನಿಶ್ಚಯಿಸಿಕೊಳ್ಳುವುದು ಅವಶ್ಯಕ.

ಶಬ್ದದಿಂದಲೇ ಪ್ರಾರಂಭಿಸಬಹುದು. ಅಯಸ್ಸಿಗೆ ಕಾಂತವಾದುದು, ಎಂದರೆ ಕಬ್ಬಿಣಕ್ಕೆ ಪ್ರಿಯವಾದುದು ಅಯಸ್ಕಾಂತ. ಮುತ್ತಿಡುವುದು ಚುಂಬಕ. ಕನ್ನಡದಲ್ಲಿ ಸೂಜಿಯನ್ನು ಸೆಳೆಯುವ ಕಲ್ಲು ಸೂಜಿಗಲ್ಲು. ಈ ಮೂರು ಹೆಸರುಗಳೂ ಕಲ್ಲಿನ ಕಾರ್ಯವನ್ನು ಹೇಳುತ್ತವೆಯೇ ಹೊರತು ಅದರ ಉತ್ಪತ್ತಿಯನ್ನು ಹೇಳುವುದಿಲ್ಲ. ರಸಶಾಸ್ತ್ರದ ಗ್ರಂಥವಾದ ರಸರತ್ನಸಮುಚ್ಚಯದಲ್ಲಿ ಕಾಂತವನ್ನು ಭ್ರಾಮಕ, ಚುಂಬಕ, ಕರ್ಷಕ, ದ್ರಾವಕ, ರೋಮಕಾಂತ ಎಂದು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಕಬ್ಬಿಣವನ್ನು ಸುತ್ತಿಸುವುದು, ಅಂಟಿಸಿಕೊಳ್ಳುವುದು, ಸೆಳೆಯುವುದು ಎಂಬಂತೆ ಅಲ್ಲಿಯೂ ವಿಭಾಗಕ್ಕೆ ಕಾರ್ಯವೇ ಮುಖ್ಯವಾದ ಆಧಾರ. ಕಾಳಿದಾಸನ ಶ್ಲೋಕದಲ್ಲಿಯೂ ಹಾಗೆಯೇ. ಲೋಹದಂತೆ ಎಂಬರ್ಥವನ್ನು ಕೊಡುವ ವತಿ ಪ್ರತ್ಯಯವನ್ನು ಪಾಣಿನಿಯು (೫-೧-೧೧೫) ಕ್ರಿಯೆಯಲ್ಲಿ ಸಾಮ್ಯವಿದ್ದರೆ ವಿಧಿಸಿರುವನಷ್ಟೆ. ಆದುದರಿಂದ ಇಲ್ಲಿ ಸಾಧಾರಣಧರ್ಮವು ಆಕರ್ಷಣವೆಂಬ ಕ್ರಿಯೆ. ಉಮೆಯು ಶಿಲೆಯಂತೆ ಕಠಿನಳೆಂದಾಗಲಿ, ಶಿವನ ಮನಸ್ಸು ಲೋಹದಂತೆ ಜಡವೆಂದಾಗಲಿ ಅರ್ಥಮಾಡತಕ್ಕದ್ದಲ್ಲ.

ಕಾರ್ಯಕ್ಕೆ ಕಾರಣವೇನೆಂಬ ಪ್ರಶ್ನೆಯನ್ನು ದರ್ಶನಕಾರರು ಬಿಡಲಿಲ್ಲ. ವೈಶೇಷಿಕಸೂತ್ರದ ಐದನೆಯ ಅಧ್ಯಾಯದ ಮೊದಲನೆಯ ಆಹ್ನಿಕದಲ್ಲಿ ಕಣಾದನು ಸೂಜಿಯು ಅಯಸ್ಕಾಂತದ ಕಡೆಗೆ ಸರಿಯುವುದಕ್ಕೆ ಅದೃಷ್ಟವು ಕಾರಣವೆಂದಿರುವನು. ನೂಕುವ ಕೈಯಾಗಲಿ, ಎಳೆಯುವ ಹಗ್ಗವಾಗಲಿ ಕಾಣದಿರುವಾಗ, ಕಾಣದ ಕಾರಣವನ್ನು ಕಾಣದೆಂದೇ ಹೇಳಿದ ಆ ಪ್ರಾಮಾಣಿಕತೆಯು ಮೆಚ್ಚತಕ್ಕದ್ದು. ಪೂರ್ವಿಕರು ಎಲ್ಲವನ್ನೂ ಬಲ್ಲವರಾಗಿದ್ದರೆಂಬ ಪಕ್ಷಕ್ಕೆ ಈ ಸೂತ್ರವೊಂದೇ ಸಾಕಾದ ಉತ್ತರ.

ಶಂಕರಾಚಾರ್ಯರ ಬ್ರಹ್ಮಸೂತ್ರಭಾಷ್ಯದಲ್ಲಿ ಈ ದೃಷ್ಟಾಂತವು ಎರಡನೆಯ ಅಧ್ಯಾಯದ ಎರಡನೆಯ ಪಾದದಲ್ಲಿಯೇ ಎರಡು ಸಲ ಬಂದಿದೆ. ಎರಡು ಸಲವೂ ಬೇರೆಬೇರೆ ಪ್ರಯೋಜನಕ್ಕಾಗಿ ಬಂದಿದೆ. ಎರಡನೆಯ ಸೂತ್ರದ ಭಾಷ್ಯದಲ್ಲಿ, ತಾನು ಪ್ರವೃತ್ತಿರಹಿತವಾಗಿದ್ದರೂ ಇತರವನ್ನು ಪ್ರವರ್ತಿಸಬಹುದೆಂಬುದಕ್ಕೆ ಆಚಾರ್ಯರು ಅಯಸ್ಕಾಂತವನ್ನೇ ನಿದರ್ಶನವಾಗಿ ಕೊಡುತ್ತಾರೆ. ಏಳನೆಯ ಸೂತ್ರದಲ್ಲಿ ಸಾಂಖ್ಯನು ಅದೇ ಕಲ್ಲನ್ನು ಕೈಗೆತ್ತಿಕೊಂಡು, ಪುರುಷನು ಸನ್ನಿಧಿಮಾತ್ರದಿಂದ ಪ್ರಧಾನವನ್ನು ಪ್ರವರ್ತಿಸುವನೆಂದು ವಾದಿಸಲು, ಆಚಾರ್ಯರು ಒಪ್ಪುವುದಿಲ್ಲ. ಪುರುಷನ ಸನ್ನಿಧಿಯು ನಿತ್ಯವಾದುದರಿಂದ ಪ್ರವೃತ್ತಿಯೂ ನಿತ್ಯವಾಗಬೇಕಾದೀತು; ಅಯಸ್ಕಾಂತದ ಸನ್ನಿಧಿಯಾದರೋ ಅನಿತ್ಯವಾದುದು; ಅಲ್ಲದೆ ಆ ಕಲ್ಲು ಕೆಲಸಮಾಡಬೇಕಾದರೆ ಅದನ್ನು ಉಜ್ಜಿ ಶುದ್ಧಿಮಾಡುವುದೇ ಮೊದಲಾದ ಅಪೇಕ್ಷೆಗಳುಂಟು ಎಂಬುದು ಅವರ ಸಮಾಧಾನದ ಸಾರ.

ಒಬ್ಬರೇ ಆಚಾರ್ಯರು ಒಂದೇ ದೃಷ್ಟಾಂತವನ್ನು ಒಂದೆಡೆ ಹಿಡಿದು ಇನ್ನೊಂದೆಡೆ ಬಿಟ್ಟರೆಂದು ಆಕ್ಷೇಪಿಸುವುದು ಸರಿಯಲ್ಲ. ದೃಷ್ಟಾಂತವು ಎಷ್ಟು ಅಂಶದಲ್ಲಿ ವಿವಕ್ಷಿತವೋ ಅಷ್ಟೇ ಅಂಶದಲ್ಲಿ ಗ್ರಾಹ್ಯವೆಂಬ ನ್ಯಾಯವನ್ನು ಇಲ್ಲಿ ಪ್ರತ್ಯಕ್ಷವಾಗಿ ನೋಡಬಹುದು. ಸಾಹಿತ್ಯವಿಮರ್ಶೆಗೆ ಇದಕ್ಕಿಂತ ಹೆಚ್ಚು ಉಪಯುಕ್ತವಾದ ಅಂಶವು ಇನ್ನೊಂದಿದೆ. ಕಲ್ಲಿನ ಶಕ್ತಿಯು ನಿರಪೇಕ್ಷವಾದುದಲ್ಲ, ಅದಕ್ಕೆ ಸನ್ನಿಧಿಯೂ ಬೇಕು, ಸಂಸ್ಕಾರವೂ ಬೇಕು ಎಂಬ ವಿಷಯವು ಪ್ರಾಚೀನರ ವಾದದಲ್ಲಿಯೇ ಎದ್ದು ಬಂದಿದೆ. ಆದರೆ ಕಲ್ಲಿಗೆ ಆ ಶಕ್ತಿಯು ಮೊದಲು ಹೇಗೆ ಬಂದಿತೆಂಬುದನ್ನು ಅವರಾರೂ ವಿಚಾರಿಸಿದಂತೆ ಈ ಸ್ಥಳಗಳಲ್ಲಿ ಕಾಣುವುದಿಲ್ಲ. ಅದು ಭೂವಿಜ್ಞಾನದ ವಿಷಯ.

ಭೂವಿಜ್ಞಾನಿಗಳು ಪರೀಕ್ಷಿಸಿದ ಕಾಂತಶಿಲೆಗಳಲ್ಲಿ ಈ ಪ್ರಶ್ನೆಗೆ ಹೆಚ್ಚು ಉತ್ತರವನ್ನು ಕೊಡುವುದು ಸರ್ಪೆಂಟೀನ್ ಶಿಲೆ. ಹಸಿರು ಕಪ್ಪು ಬಣ್ಣಗಳು ಕಲೆತು ಹಾವಿನ ಚರ್ಮದಂತೆ ಕಾಣುವುದರಿಂದ ಲ್ಯಾಟಿನ್ ಭಾಷೆಯ ಸರ್ಪವಾಚಕ ಶಬ್ದದಿಂದ ಅದಕ್ಕೆ ಆ ಹೆಸರಾಯಿತು. ೧೭೯೬ನೆಯ ಇಸವಿಯಲ್ಲಿ ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹುಂಬೋಲ್ಟನು ಗಣಿಗಳ ಅಧಿಕಾರಿಯಾಗಿದ್ದಾಗ, ಫಿಖ್ಟೆಲ್ ಪರ್ವತಸೀಮೆಯ ಹೈಡ್‌ಬರ್ಗ್ ಎಂಬ ಸರ್ಪೆಂಟೀನ್ ಗುಡ್ಡದ ಬಂಡೆಗಳು ದಿಕ್ಸೂಚಿಯ ಮುಳ್ಳನ್ನು ಅದರ ನೆಲೆಯಿಂದ ತಿರುಗಿಸಿಬಿಡುವುದನ್ನು ಕಂಡನು. ಆ ಗುಡ್ಡವು ತಾನೇ ಒಂದು ದೊಡ್ಡ ಅಯಸ್ಕಾಂತವೋ ಎಂಬಂತೆ ಧ್ರುವಗಳನ್ನು ತೋರುತ್ತಿದ್ದುದು ಅಂದಿನ ವಿದ್ವಾಂಸರಲ್ಲಿ ಬಹಳ ಚರ್ಚೆಗೆ ಕಾರಣವಾಯಿತು.

ಇದರ ಕಾರಣವು ಈಗ ಬಹುಮಟ್ಟಿಗೆ ತಿಳಿದಿದೆ. ಸರ್ಪೆಂಟೀನ್ ಶಿಲೆಯು ಮೂಲಶಿಲೆಯಲ್ಲ, ವಿಕೃತಶಿಲೆ. ಭೂಗರ್ಭದಿಂದ ಮೇಲಕ್ಕೆ ಬಂದ ಪೆರಿಡೊಟೈಟ್ ಎಂಬ ಶಿಲೆಯಲ್ಲಿ ಆಲಿವೀನ್ ಎಂಬ ಖನಿಜವು ಪ್ರಧಾನವಾಗಿರುತ್ತದೆ. ಆಲಿವೀನಿನಲ್ಲಿ ಮೆಗ್ನೀಸಿಯಂ, ಸಿಲಿಕ, ಸ್ವಲ್ಪ ಭಾಗ ಕಬ್ಬಿಣ ಇವು ಒಂದಾಗಿ ಹುದುಗಿರುತ್ತವೆ. ಈ ಸ್ಥಿತಿಯಲ್ಲಿ ಕಬ್ಬಿಣವಿದ್ದರೂ ಕಾಂತಗುಣವು ಅತ್ಯಲ್ಪ. ಬಿರುಕುಗಳ ಮೂಲಕ ಬಿಸಿನೀರು ಒಳಹೊಕ್ಕಾಗ ಆಲಿವೀನ್ ಒಡೆದು, ಮೆಗ್ನೀಸಿಯಮ್ಮೂ ಸಿಲಿಕವೂ ನೀರನ್ನು ತಮ್ಮೊಳಗೆ ಕಟ್ಟಿಕೊಂಡು ಸರ್ಪೆಂಟೀನ್ ಆಗುತ್ತವೆ. ಉಳಿದ ಮೆಗ್ನೀಸಿಯಂ ಕೆಲವೆಡೆ ಬ್ರೂಸೈಟ್ ಎಂಬ ಖನಿಜವಾಗುತ್ತದೆ. ಕಬ್ಬಿಣದ ಒಂದು ಭಾಗವು ನೀರಿನ ಆಮ್ಲಜನಕವನ್ನು ತೆಗೆದುಕೊಂಡು ಮ್ಯಾಗ್ನಟೈಟ್ ಎಂಬ ಕಪ್ಪು ಖನಿಜವಾಗಿ ಬೇರ್ಪಡುತ್ತದೆ, ಜಲಜನಕವು ಬಿಡುಗಡೆಹೊಂದುತ್ತದೆ. ೨೦೦೦ನೆಯ ಇಸವಿಯಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಕಂಡುಹಿಡಿದ ಲಾಸ್ಟ್ ಸಿಟಿ ಎಂಬ ಬಿಸಿನೀರಿನ ಬುಗ್ಗೆಗಳ ಕ್ಷೇತ್ರದಲ್ಲಿ ಈ ವಿಕಾರವು ಇಂದಿಗೂ ನಡೆಯುತ್ತಿದೆ; ಅಲ್ಲಿ ಏಳುವ ನೀರಿನಲ್ಲಿ ಜಲಜನಕವು ಹೇರಳವಾಗಿದೆ.

ಹೀಗೆ ಹುಟ್ಟಿದ ಮ್ಯಾಗ್ನಟೈಟ್ ಕಣಗಳೇ ಶಿಲೆಯ ಕಾಂತಗುಣಕ್ಕೆ ಮುಖ್ಯ ಆಶ್ರಯ. ನೀರು ಸೇರಿದುದರಿಂದ ಶಿಲೆಯು ಉಬ್ಬಿ ಹಗುರವಾಗುತ್ತದೆ. ನೀರಿಗಿಂತ ಸುಮಾರು ೩.೩ ಪಾಲು ಇದ್ದ ಸಾಂದ್ರತೆಯು ೨.೬ರ ಸಮೀಪಕ್ಕೆ ಇಳಿಯುತ್ತದೆ. ತೂಕವು ಹೀಗೆ ಕಡಮೆಯಾದಂತೆ ಕಾಂತಗುಣವು ಹತ್ತಾರು ಮಡಿ, ಕೆಲವೆಡೆ ಇನ್ನೂ ಅಧಿಕವಾಗಿ ಏರುತ್ತದೆ. ಆದರೆ ಈ ಏರಿಕೆಯು ವಿಕಾರದೊಡನೆ ಸಮನಾಗಿ ನಡೆಯುವುದಿಲ್ಲ. ಅನೇಕ ಶಿಲೆಗಳಲ್ಲಿ ವಿಕಾರದ ಮೊದಲ ಘಟ್ಟಗಳಲ್ಲಿ ಕಬ್ಬಿಣವು ಸರ್ಪೆಂಟೀನಿನಲ್ಲಿಯೂ ಬ್ರೂಸೈಟಿನಲ್ಲಿಯೂ ಅಡಗಿಯೇ ಇರುತ್ತದೆ. ಅರ್ಧಕ್ಕಿಂತ ಹೆಚ್ಚು ಭಾಗವು ಮಾರ್ಪಟ್ಟ ಮೇಲೆ ಮ್ಯಾಗ್ನಟೈಟ್ ತ್ವರಿತವಾಗಿ ಬೆಳೆಯುತ್ತದೆ. ಶಾಖವು ಸುಮಾರು ೨೦೦ ಡಿಗ್ರಿ ಸೆಂಟಿಗ್ರೇಡಿಗಿಂತ ಕಡಮೆಯಿದ್ದರೆ, ಶಿಲೆಯು ಪೂರ್ತಿ ಸರ್ಪೆಂಟೀನಾದರೂ ಮ್ಯಾಗ್ನಟೈಟ್ ಸಾಮಾನ್ಯವಾಗಿ ಸ್ವಲ್ಪವೇ ಹುಟ್ಟುವುದು. ಆದಕಾರಣ ಒಂದೇ ಬಣ್ಣದ, ಒಂದೇ ಹೆಸರಿನ ಎರಡು ಶಿಲೆಗಳಲ್ಲಿ ಒಂದು ಮುಳ್ಳನ್ನು ತಿರುಗಿಸಬಹುದು, ಇನ್ನೊಂದು ಸುಮ್ಮನಿರಬಹುದು.

ಕಣವು ಹುಟ್ಟಿದ ಮಾತ್ರಕ್ಕೆ ಕೆಲಸವು ಮುಗಿಯುವುದಿಲ್ಲ. ಮ್ಯಾಗ್ನಟೈಟ್ ಸುಮಾರು ೫೮೦ ಡಿಗ್ರಿ ಶಾಖಕ್ಕಿಂತ ಕೆಳಗಿದ್ದಾಗ ಮಾತ್ರ ಕಾಂತತ್ವವನ್ನು ನಿಲ್ಲಿಸಿಕೊಳ್ಳಬಲ್ಲುದು. ಅದು ಬೆಳೆಯುತ್ತಿರುವಾಗ ಭೂಮಿಯ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದು, ಆ ದಿಕ್ಕಿನ ಗುರುತನ್ನು ಬಹುಕಾಲ ಉಳಿಸಿಕೊಳ್ಳುತ್ತದೆ. ಇಷ್ಟಾದರೂ ಎಲ್ಲ ಮ್ಯಾಗ್ನಟೈಟೂ ಸೂಜಿಗಲ್ಲಲ್ಲ. ಅಯಸ್ಕಾಂತದಿಂದ ಸೆಳೆಯಲ್ಪಡುವುದು ಬೇರೆ, ತಾನೇ ಅಯಸ್ಕಾಂತವಾಗುವುದು ಬೇರೆ. ಸೂಜಿಯನ್ನು ಸೆಳೆಯುವಷ್ಟು ಪ್ರಬಲವಾದ ಶಿಲೆಗೆ ತಕ್ಕ ಒಳರಚನೆಯೂ, ಹೊರಗಿನಿಂದ ಬಲವಾದ ಕಾಂತಕ್ಷೇತ್ರದ ಸಂಸ್ಕಾರವೂ ಬೇಕು. ಸಿಡಿಲಿನ ವಿದ್ಯುತ್ಪ್ರವಾಹವೇ ಅಂಥ ಸಂಸ್ಕಾರವನ್ನು ಕೊಡುವುದೆಂದು ವಿಜ್ಞಾನಿಗಳಲ್ಲಿ ಅನೇಕರು ಎಣಿಸುತ್ತಾರೆ. ಹುಟ್ಟಿದ ಗುಣವು ಅಳಿಯಲೂಬಹುದು: ಅಂಗಾರಾಮ್ಲವಾಯುವು ಕೂಡಿದ ನೀರು ಸರ್ಪೆಂಟೀನ್ ಶಿಲೆಯನ್ನು ಮತ್ತೆ ಮಾರ್ಪಡಿಸಿ ಬಳಪದ ಕಲ್ಲಿನ ಜಾತಿಗೆ ತಂದಾಗ ಮ್ಯಾಗ್ನಟೈಟ್ ಎಷ್ಟೋ ಕಡೆ ಕರಗಿಹೋಗುತ್ತದೆ.

ಸಹಜ, ಆಗಂತುಕ ಎಂಬ ಭೇದಕ್ಕೆ ಕನ್ನಡನಾಡಿನಲ್ಲಿಯೇ ಉದಾಹರಣೆಯಿದೆ. ಹಾಸನ ಜಿಲ್ಲೆಯ ನುಗ್ಗೇಹಳ್ಳಿಯ ಶಿಲಾಪಟ್ಟಿಯಲ್ಲಿ ಕ್ರೋಮಿಯಂ ಅದುರನ್ನು ಒಳಗೊಂಡ ಸರ್ಪೆಂಟೀನ್ ಶಿಲೆಗಳೂ ಇವೆ, ಟೈಟೇನಿಯಂ ಕೂಡಿದ ಮ್ಯಾಗ್ನಟೈಟ್ ಪದರಗಳೂ ಇವೆ. ಆ ಪದರಗಳಲ್ಲಿಯ ಮ್ಯಾಗ್ನಟೈಟ್ ಶಿಲಾರಸವು ತಣಿದು ಗಟ್ಟಿಯಾಗುವಾಗಲೇ ಹರಳುಗಟ್ಟಿದುದು, ಹುಟ್ಟಿನೊಡನೆಯೇ ಬಂದುದು. ಸರ್ಪೆಂಟೀನಿನೊಳಗಣ ಮ್ಯಾಗ್ನಟೈಟಿನ ಕಣಗಳಾದರೋ ಶಿಲೆಯು ವಿಕಾರಹೊಂದುವಾಗ ಹುಟ್ಟತಕ್ಕವು. ಒಂದೇ ನೆಲದಲ್ಲಿ ದೊರೆಯುವ ಎರಡು ಕಪ್ಪು ಕಲ್ಲುಗಳಿಗೆ ಎರಡು ಬಗೆಯ ಜಾತಕ.

ಇಷ್ಟನ್ನು ತಿಳಿದುಕೊಂಡು ಕಾವ್ಯಕ್ಕೆ ಮರಳಿ ಬಂದರೆ ಮೊದಲು ಏಳುವ ಪ್ರಶ್ನೆಯಿದು: ಬ್ರಹ್ಮನ ಉಪಮೆಯಲ್ಲಿ ಉಮೆಯ ಆಕರ್ಷಣಶಕ್ತಿಯು ಸಹಜವೋ, ಸಂಪಾದಿತವೋ? ದೇವತೆಗಳು ಸಹಜವೆಂದೇ ತಿಳಿದರು. ರೂಪವು ಇದ್ದೇ ಇದೆ, ಸನ್ನಿಧಿಯೂ ಇದೆ, ಕಾಮನ ಸಹಾಯವೊಂದಿದ್ದರೆ ಸಾಕು ಎಂಬುದು ಇಂದ್ರನ ಲೆಕ್ಕ. ಈ ಲೆಕ್ಕವು ಹೇಗೆ ತಪ್ಪಿತೆಂಬುದನ್ನು ಕವಿಯು ಹಂತಹಂತವಾಗಿ ತೋರಿಸಿದ್ದಾನೆ.

ಮೊದಲನೆಯ ಸರ್ಗದ ಕೊನೆಯಿಂದಲೂ ಉಮೆಯು ತಂದೆಯ ಆಜ್ಞೆಯಂತೆ ಶಿವನ ಶುಶ್ರೂಷೆಯಲ್ಲಿದ್ದಾಳೆ. ಅಯಸ್ಕಾಂತದ ಪಕ್ಕದಲ್ಲಿಯೇ ಲೋಹವಿದೆ. ಆದರೂ ಲೋಹವು ಅಲುಗಲಿಲ್ಲ. ಸನ್ನಿಧಿಮಾತ್ರವು ಸಾಲದೆಂಬುದು ಇಲ್ಲಿಗೇ ಸಿದ್ಧವಾಯಿತು. ಮೂರನೆಯ ಸರ್ಗದಲ್ಲಿ ಅಕಾಲವಸಂತವು ಬಂದು, ಕಾಮನು ಬಾಣವನ್ನು ಹೂಡಿ, ಉಮೆಯು ವಸಂತಪುಷ್ಪಗಳನ್ನು ತೊಟ್ಟು ಬಂದು ಕಮಲಬೀಜದ ಮಾಲೆಯನ್ನು ಅರ್ಪಿಸುವಾಗ ಶಿವನ ಧೈರ್ಯವು, ಚಂದ್ರೋದಯದ ಪ್ರಾರಂಭದಲ್ಲಿ ಸಮುದ್ರವು ಕದಲುವಂತೆ, ಕೊಂಚವೇ ಕದಲಿತು. ಆದುದರಿಂದ ರೂಪದಲ್ಲಿ ಶಕ್ತಿಯೇ ಇಲ್ಲವೆನ್ನುವಂತಿಲ್ಲ; ಇದ್ದ ಶಕ್ತಿಯು ಸಾಲದಾಯಿತು. ಶಿವನು ಮರುಕ್ಷಣದಲ್ಲಿ ತನ್ನನ್ನು ತಾನು ಹಿಡಿದುಕೊಂಡು, ಕಾಮನನ್ನು ದಹಿಸಿ, ಸ್ತ್ರೀಸನ್ನಿಕರ್ಷವನ್ನು ಪರಿಹರಿಸಿಕೊಳ್ಳುವುದಕ್ಕಾಗಿ ಕಣ್ಮರೆಯಾದನು. ಇದ್ದ ಸನ್ನಿಧಿಯೂ ಇಲ್ಲದಾಯಿತು. ಅಯಸ್ಕಾಂತದ ಸನ್ನಿಧಿಯು ಅನಿತ್ಯವೆಂದು ಭಾಷ್ಯಕಾರರು ತರ್ಕದಲ್ಲಿ ಹೇಳಿದುದು ಇಲ್ಲಿ ಕಥೆಯಲ್ಲಿ ನಡೆದಿದೆ.

ಮೇಲೆ ಹೇಳಿದ ದೃಷ್ಟಾಂತದ ಮುಖ್ಯಾಂಶವು ತಾನು ಚಲಿಸದೆ ಇತರವನ್ನು ಚಲಿಸುವಂತೆ ಮಾಡುವುದಷ್ಟೆ. ಮೂರನೆಯ ಸರ್ಗದಲ್ಲಿ ನಡೆದುಹೋದವಳು ಉಮೆ, ನಿಂತಿದ್ದವನು ಶಿವ. ಅಲ್ಲಿ ಉಪಮೆಯು ತಲೆಕೆಳಗಾಗಿಯೇ ಇತ್ತು. ಐದನೆಯ ಸರ್ಗದಲ್ಲಿ ಉಮೆಯು ತನ್ನ ರೂಪವನ್ನು ತಾನೇ ಹಳಿದುಕೊಂಡು ತಪಸ್ಸನ್ನು ಕೈಕೊಳ್ಳುತ್ತಾಳೆ. ಬೇಸಗೆಯಲ್ಲಿ ಅಗ್ನಿಗಳ ನಡುವೆ ನಿಂತು ಸೂರ್ಯನನ್ನು ನೋಡುತ್ತಾಳೆ; ಮಳೆಯಲ್ಲಿ ತೊಯ್ಯುತ್ತಾಳೆ; ಹಿಮದ ರಾತ್ರಿಗಳನ್ನು ನೀರಿನಲ್ಲಿ ನಿಂತು ಕಳೆಯುತ್ತಾಳೆ; ಉದುರಿದ ಎಲೆಯನ್ನೂ ತೊರೆದು ಅಪರ್ಣೆಯಾಗುತ್ತಾಳೆ. ಆಗ ಶಿವನು ಬ್ರಹ್ಮಚಾರಿಯ ವೇಷದಿಂದ ತಾನೇ ಆಕೆಯ ತಪೋವನಕ್ಕೆ ಬರುತ್ತಾನೆ. ಕಲ್ಲು ನಿಂತಿದೆ, ಲೋಹವು ಬಂದಿದೆ. ಬ್ರಹ್ಮನ ಉಪಮೆಯು ಅಕ್ಷರಶಃ ಸತ್ಯವಾದುದು ಇಲ್ಲಿ. ಸರ್ಗದ ಕೊನೆಯಲ್ಲಿ ಶಿವನು ತನ್ನನ್ನು ಆಕೆಯು ತಪಸ್ಸಿನಿಂದ ಕೊಂಡುಕೊಂಡಳೆಂದು ಹೇಳುವಾಗ, ಸೆಳೆದುದು ಯಾವುದೆಂಬ ಪ್ರಶ್ನೆಗೆ ಕಾವ್ಯವೇ ಉತ್ತರವನ್ನು ಕೊಟ್ಟಂತಾಯಿತು.

ಹಾಗಾದರೆ ಬ್ರಹ್ಮನು ರೂಪವೆಂದುದು ಸುಳ್ಳೆ? ಅಲ್ಲ. ರೂಪವು ಬೇರೆಯಾಗಲಿಲ್ಲ, ಸಂಸ್ಕೃತವಾಯಿತು. ಪೆರಿಡೊಟೈಟಿನಲ್ಲಿ ಕಬ್ಬಿಣವು ಮೊದಲೇ ಇತ್ತು. ನೀರೂ ಶಾಖವೂ ಅದನ್ನು ಹೊರಗಿನಿಂದ ತಂದುಹಾಕಲಿಲ್ಲ, ಅಡಗಿದ್ದುದನ್ನು ಬೇರ್ಪಡಿಸಿ ಶಕ್ತವಾದ ರೂಪಕ್ಕೆ ತಂದುವು. ಉಮೆಯಲ್ಲಿ ಪ್ರೀತಿಯೂ ಸೌಂದರ್ಯವೂ ಮೊದಲೇ ಇದ್ದುವು. ತಪಸ್ಸು ಅವನ್ನು ಸೃಷ್ಟಿಸಲಿಲ್ಲ. ಲಕ್ಷಣಗ್ರಂಥದ ಮಾತಿನಲ್ಲಿ ಹೇಳುವುದಾದರೆ, ಎರಡನೆಯ ಸರ್ಗದ ವಾಚ್ಯವಾದ ಉಪಮೆಯು ಐದನೆಯ ಸರ್ಗದಲ್ಲಿ ವಸ್ತುಧ್ವನಿಗೆ ದಾರಿಮಾಡಿಕೊಡುತ್ತದೆ.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಕಾಳಿದಾಸನಿಗೆ ಪೆರಿಡೊಟೈಟ್ ಗೊತ್ತಿರಲಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಿಂದೀಚೆಗೆ ತಿಳಿದ ಸಂಗತಿಗಳನ್ನು ಅವನ ತಲೆಗೆ ಕಟ್ಟುವುದು ವಿಮರ್ಶೆಯಲ್ಲ, ಹೊಸತನ್ನು ಹಳೆಯ ಪಾತ್ರೆಗೆ ಸುರಿಯುವುದು ಎಂದು. ಆಕ್ಷೇಪವು ನ್ಯಾಯವಾದುದು, ಕವಿಗೆ ಈ ವಿದ್ಯೆಯಿತ್ತೆಂದು ಹೇಳುವುದು ಖಂಡಿತವಾಗಿಯೂ ತಪ್ಪು. ಪಂಚಾಗ್ನಿಯನ್ನು ಭೂಗರ್ಭದ ಶಾಖವೆಂದೂ, ಹಿಮಜಲವನ್ನು ಬಿರುಕಿನ ನೀರೆಂದೂ ಒಂದೊಂದಾಗಿ ಹೊಂದಿಸುವುದು ಅದಕ್ಕಿಂತ ದೊಡ್ಡ ತಪ್ಪು. ಆದರೆ ಮೇಲೆ ತೋರಿಸಿದ ಅರ್ಥಕ್ಕೆ ಪ್ರಮಾಣವು ಶಿಲೆಯಲ್ಲಿಲ್ಲ, ಸರ್ಗಗಳಲ್ಲಿದೆ. ನಡೆದುಹೋದವಳು ಯಾರು, ನಿಂತವನು ಯಾರು, ಬಳಿಕ ಬಂದವನು ಯಾರು ಎಂಬುದು ಮೂಲವನ್ನು ಓದಿದವರೆಲ್ಲರಿಗೂ ಕಾಣುವ ಸಂಗತಿ. ಶಿಲೆಯ ವೃತ್ತಾಂತವು ಮಾಡುವ ಉಪಕಾರವು ಒಂದೇ: ಅಯಸ್ಕಾಂತದ ಶಕ್ತಿಯನ್ನು ಪ್ರಶ್ನೆಗೆ ಎಡೆಯಿಲ್ಲದ ಸ್ವಭಾವವೆಂದು ಬಗೆಯುವ ಅಭ್ಯಾಸವನ್ನು ಅದು ಬಿಡಿಸುತ್ತದೆ. ಆ ಅಭ್ಯಾಸವು ಬಿಟ್ಟರೆ ಉಪಮೇಯದಲ್ಲಿಯೂ ಅದೇ ಪ್ರಶ್ನೆಯನ್ನು ಕೇಳಲು ಓದುಗನಿಗೆ ತೋಚುತ್ತದೆ. ನಾಳೆ ವಿಜ್ಞಾನವು ಬೇರೆಯ ಕಾರಣವನ್ನು ಹೇಳಿದರೂ ಐದನೆಯ ಸರ್ಗದಲ್ಲಿ ಶಿವನು ನಡೆದುಬಂದುದು ಬದಲಾಗುವುದಿಲ್ಲ.

ಉಪಮೆಯು ನಿಲ್ಲುವ ಮೇರೆಯನ್ನೂ ಗಮನಿಸಬೇಕು. ಶಿಲೆಗೆ ಸಂಕಲ್ಪವಿಲ್ಲ, ನೀರು ಬಂದುದರಿಂದ ಅದು ವಿಕಾರಹೊಂದಿತು. ಉಮೆಯಾದರೋ ತಾಯಿಯು ಬೇಡವೆಂದರೂ ಕೇಳದೆ ತಾನಾಗಿ ತಪಸ್ಸನ್ನು ವರಿಸಿದಳು. ಲೋಹಕ್ಕೆ ವಿವೇಕವಿಲ್ಲ, ಸೆಳೆದರೆ ಬರುತ್ತದೆ. ಶಿವನಾದರೋ ಬಂದವನು ಪರೀಕ್ಷೆಮಾಡುತ್ತಾನೆ, ತನ್ನನ್ನೇ ನಿಂದಿಸಿಕೊಂಡು ಆಕೆಯ ಮಾತನ್ನು ಕೇಳುತ್ತಾನೆ, ಬಳಿಕ ನಿಜರೂಪವನ್ನು ತೋರುತ್ತಾನೆ. ಈ ಸಂಕಲ್ಪವೂ ವಿವೇಕವೂ ಅಯಸ್ಕಾಂತದಲ್ಲಿ ದೊರೆಯತಕ್ಕವಲ್ಲ. ದೇವತೆಗಳು ಉಪಮೆಯನ್ನು ಮೇರೆಮೀರಿ ನಂಬಿ, ಮನಸ್ಸನ್ನು ಲೋಹವೆಂದೇ ಎಣಿಸಿದರು. ಅದರ ಬೆಲೆಯನ್ನು ಕಾಮನು ತೆತ್ತನು, ನಾಲ್ಕನೆಯ ಸರ್ಗದಲ್ಲಿ ರತಿಯು ಅತ್ತಳು. ಉಪಮೆಯನ್ನು ತಪ್ಪಾಗಿ ಓದಿದವರ ಕಥೆಯೂ ಈ ಕಾವ್ಯದಲ್ಲಿ ಹೀಗೆ ಅಡಕವಾಗಿದೆ.

ಆದುದರಿಂದ ಉಪಾಧ್ಯಾಯರು ಈ ಶ್ಲೋಕವನ್ನು ಹೇಳುವಾಗ ಕ್ರಿಯಾಸಾಮ್ಯವನ್ನು ಮೊದಲು ನಿರ್ಣಯಿಸಿ, ದರ್ಶನಗಳಲ್ಲಿ ಈ ದೃಷ್ಟಾಂತಕ್ಕೆ ಬಂದ ವಾದಗಳನ್ನು ಸೂಚಿಸಿ, ಸಾಧ್ಯವಾದಲ್ಲಿ ಒಂದು ಸರ್ಪೆಂಟೀನ್ ತುಂಡನ್ನೂ ದಿಕ್ಸೂಚಿಯನ್ನೂ ವಿದ್ಯಾರ್ಥಿಗಳ ಮುಂದಿಡುವುದು ಒಳ್ಳೆಯದು. ಮುಳ್ಳು ಕದಲಿದರೆ ಆ ಗುಣವು ಕಲ್ಲಿಗೆ ಎಲ್ಲಿಂದ ಬಂದಿತೆಂದು ಕೇಳಬಹುದು. ಕದಲದಿದ್ದರೆ ಏಕೆ ಕದಲಲಿಲ್ಲವೆಂದು ಕೇಳಬಹುದು. ಆ ಬಳಿಕ ಮೂರನೆಯ ಸರ್ಗವನ್ನೂ ಐದನೆಯ ಸರ್ಗವನ್ನೂ ಜೊತೆಗಿಟ್ಟು ಓದಿಸಿದರೆ, ಎರಡನೆಯ ಸರ್ಗದ ಚಿಕ್ಕ ಉಪಮೆಯು ಎಷ್ಟು ದೂರ ನಡೆದಿದೆಯೆಂಬುದನ್ನು ವಿದ್ಯಾರ್ಥಿಗಳು ತಾವಾಗಿಯೇ ಕಂಡುಕೊಳ್ಳುವರು.